ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿತ್ತು!

ಮಕ್ಕಳೇ, ನಮ್ಮ ಮನೆಯಲ್ಲಿ ಹಳೆಯದೊಂದು ಅಂಬಾಸಿಡರ್ ಕಾರಿದೆ. ಈ ಕಾರಿನ ತಯಾರಿಕೆ 2014ರಲ್ಲೇ ನಿಂತುಹೋಯಿತು. ನಿಮ್ಮಲ್ಲಿ ಎಷ್ಟೋ ಜನ ಅದರಲ್ಲಿ ಕೂತಿರಲಿಕ್ಕಿಲ್ಲ. ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, ಒಂದೇ ಕಾರಿನಲ್ಲಿ ಎಂಟು ಜನ ಮದುವೆಗೆ ಹೋದ ಕಥೆ ಹೇಳುತ್ತಾರೆ.

ಕಳೆದ ವರ್ಷ ಅದರ ಪೆಟ್ರೋಲ್ ಮೀಟರಿನ ಮುಳ್ಳು ಅಲ್ಲಾಡುವುದನ್ನೇ ಬಿಟ್ಟಿತು. “ಟ್ಯಾಂಕ್ ಯೂನಿಟ್ ಹೋಗಿದೆ ಸಾರ್, ಹೊಸದು ಹಾಕಬೇಕು” ಎಂದರು ನಮ್ಮ ಮೆಕ್ಯಾನಿಕ್.

ಟ್ಯಾಂಕ್ ಯೂನಿಟ್ ಎಂದರೆ ಬಹಳ ಸರಳವಾದ ವಸ್ತು. ಒಂದು ತಂತಿಯ ತೋಳು. ಅದರ ತುದಿಯಲ್ಲಿ ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್. ಪೆಟ್ರೋಲ್ ಇಳಿದರೆ ಫ್ಲೋಟ್ ಇಳಿಯುತ್ತದೆ, ಜತೆಗೆ ತೋಳೂ ವಾಲುತ್ತದೆ. ತೋಳಿನ ಇನ್ನೊಂದು ತುದಿ ಸಣ್ಣ ತಂತಿಯ ಸುರುಳಿಯ ಮೇಲೆ ಜಾರುತ್ತದೆ. ಅದು ಎಲ್ಲಿದೆ ಎನ್ನುವುದರ ಮೇಲೆ ವಿದ್ಯುತ್ತಿಗೆ ಆಗುವ ತಡೆ ಹೆಚ್ಚು ಕಡಿಮೆಯಾಗುತ್ತದೆ, ಅದಕ್ಕೆ ತಕ್ಕಂತೆ ಮುಂದಿನ ಮೀಟರಿನ ಮುಳ್ಳು ತಿರುಗುತ್ತದೆ. ಅಂದರೆ ಮುಳ್ಳು ಪೆಟ್ರೋಲನ್ನು ನೋಡುವುದೇ ಇಲ್ಲ. ತೋಳು ಹೇಳಿದ್ದನ್ನು ನಮಗೆ ಹೇಳುತ್ತದೆ, ಅಷ್ಟೆ.

ಹೊಸ ಯೂನಿಟ್ಟನ್ನು ಟ್ಯಾಂಕಿಗೆ ಕೂರಿಸುವ ಮೊದಲು ವೈರ್ ಕೊಟ್ಟು ಕೈಯಲ್ಲೇ ಆಡಿಸಿ ತೋರಿಸಿದರು. ತೋಳು ಮೇಲೆತ್ತಿದರೆ ಮುಳ್ಳು ಫುಲ್, ಕೆಳಗಿಳಿಸಿದರೆ ಖಾಲಿ. ನನಗೆ ಸಂತೋಷವಾಯಿತು. ದುಡ್ಡು ಕೊಟ್ಟು ಬಂದೆ.

ಎರಡು ವಾರದ ಮೇಲೆ ಮೈಸೂರಿನಿಂದ ಮೇಲುಕೋಟೆಗೆ ಹೊರಟೆವು. ಜಕ್ಕನಹಳ್ಳಿ ದಾಟಿದ ಮೇಲೆ ಕಾರು ಕೆಮ್ಮಿ ನಿಂತುಬಿಟ್ಟಿತು.

“ತಾತ, ಪೆಟ್ರೋಲ್ ಖಾಲಿಯಾಗಿರಬಹುದಾ?” ಎಂದಳು ಆರನೇ ಕ್ಲಾಸಿನ ಮೊಮ್ಮಗಳು.

“ಮುಳ್ಳು ಕಾಣಿಸಲ್ವಾ? ಇನ್ನೂ ಕಾಲು ಟ್ಯಾಂಕ್ ಇದೆ. ಸುಮ್ನೆ ಕೂತ್ಕೋ” ಎಂದು ಗದರಿಸಿದೆ.

ಒಂದು ಗಂಟೆ ಬಿಸಿಲಿನಲ್ಲಿ ಬಾನೆಟ್ ಎತ್ತಿ ಪ್ಲಗ್ಗು, ವೈರು ಎಲ್ಲ ನೋಡಿದ್ದಾಯಿತು. ಕೊನೆಗೆ ಬೈಕಿನ ಹುಡುಗನೊಬ್ಬ ಎರಡು ಲೀಟರ್ ಪೆಟ್ರೋಲ್ ತಂದುಕೊಟ್ಟ. ಕಾರು ತಕ್ಷಣ ಸ್ಟಾರ್ಟ್ ಆಯಿತು! ಮೊಮ್ಮಗಳು ಏನೂ ಹೇಳಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಮರುದಿನ ಅವಳನ್ನೂ ಕರೆದುಕೊಂಡು ಗ್ಯಾರೇಜಿಗೆ ಹೋದೆ. ಮೂವತ್ತು ವರ್ಷದಿಂದ ‘ನೀವು’ ಎನ್ನುತ್ತಿದ್ದವನು ಅಂದು ನಾಲ್ಕು ಜನ ಗಿರಾಕಿಗಳ ಎದುರು “ಡೂಪ್ಲಿಕೇಟ್ ಮಾಲು ಹಾಕಿ ಮೋಸ ಮಾಡಿದೆಯಲ್ಲ” ಎಂದುಬಿಟ್ಟೆ.

ಅವರು ಮರುಮಾತಾಡಲಿಲ್ಲ. ಬ್ಯಾಟರಿಯ ವೈರ್ ತೆಗೆದು, ಬಯಲಿನಲ್ಲಿ ಟ್ಯಾಂಕ್ ಬರಿದು ಮಾಡಿ, ಯೂನಿಟ್ ಹೊರಗೆ ತೆಗೆದರು. ಎತ್ತಿಟ್ಟಿದ್ದ ಹಳೆಯದನ್ನೂ ತಂದು ಪಕ್ಕದಲ್ಲಿಟ್ಟರು. ಹೊಸದರ ತೋಳು ಸ್ವಲ್ಪ ಉದ್ದ, ಬಾಗಿದ ರೀತಿಯೂ ಬೇರೆ. ಟ್ಯಾಂಕಿನ ಆಳ ಅಳೆದು ನೋಡಿದಾಗ ವಿಷಯ ತಿಳಿಯಿತು. ತೋಳು ಪೂರ್ತಿ ಇಳಿಯುವ ಮೊದಲೇ ಫ್ಲೋಟ್ ತಳಕ್ಕೆ ತಾಗಿ ನಿಲ್ಲುತ್ತಿತ್ತು. ಆದ್ದರಿಂದ ಮುಳ್ಳು ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಯಲು ಸಾಧ್ಯವೇ ಇರಲಿಲ್ಲ. ಕೈಯಲ್ಲಿ ಆಡಿಸಿದಾಗ ಅಡ್ಡ ಬರಲು ತಳವೇ ಇರಲಿಲ್ಲವಲ್ಲ!

ತೋಳು ಸರಿ ಇದ್ದರೂ ವಿದ್ಯುತ್ತಿನ ಅಳತೆ ಹೊಂದಬೇಕು. ಆ ತಡೆಯನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಎಷ್ಟೋ ಹಳೆಯ ಕಾರುಗಳಲ್ಲಿ ಖಾಲಿ ಎಂದರೆ 0, ಫುಲ್ ಎಂದರೆ 90 ಓಮ್. ಫೋರ್ಡ್‌ನ ಎಷ್ಟೋ ಹಳೆಯ ಕಾರುಗಳಲ್ಲಿ ಖಾಲಿಗೆ ಸುಮಾರು 73, ಫುಲ್‌ಗೆ ಸುಮಾರು 10. ಅದರ ಯೂನಿಟ್ ಇದಕ್ಕೆ ಹಾಕಿದರೆ ಪೆಟ್ರೋಲ್ ತುಂಬಿಸಿದಾಗ ಮುಳ್ಳು ಖಾಲಿಯ ಕಡೆ ವಾಲುತ್ತದೆ! ಯೂನಿಟ್ ಕೆಟ್ಟದ್ದಲ್ಲ, ಮೀಟರೂ ಕೆಟ್ಟದ್ದಲ್ಲ. ಒಂದರ ಭಾಷೆ ಇನ್ನೊಂದಕ್ಕೆ ಬರುವುದಿಲ್ಲ.

ನಮ್ಮ ಮೆಕ್ಯಾನಿಕ್ ತೋಳನ್ನು ಹದವಾಗಿ ಬಗ್ಗಿಸಿ ಮತ್ತೆ ಕೂರಿಸಿದರು. ಆಮೇಲೆ ಐದೈದು ಲೀಟರ್ ಪೆಟ್ರೋಲ್ ಹಾಕುತ್ತಾ ಹೋದರು. ದೂರದಲ್ಲಿ ನಿಂತ ಮೊಮ್ಮಗಳು ಪ್ರತಿ ಸಲವೂ ಮುಳ್ಳು ಎಲ್ಲಿತ್ತೆಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮುಳ್ಳು ಪ್ರತಿ ಸಲ ಒಂದೇ ಸಮನೆ ಏರಲಿಲ್ಲ. ತೋಳು ಕಮಾನಿನಂತೆ ತಿರುಗುತ್ತದೆ, ಟ್ಯಾಂಕಿನ ಅಗಲವೂ ಎಲ್ಲ ಕಡೆ ಒಂದೇ ಇರುವುದಿಲ್ಲ. ಹಾಗಾಗಿ ಮುಳ್ಳಿನ ಅರ್ಧ ಎಂದರೆ ಟ್ಯಾಂಕಿನ ಸರಿಯಾದ ಅರ್ಧವಲ್ಲ. (ಮಕ್ಕಳೇ, ಪೆಟ್ರೋಲಿನ ಕೆಲಸ ದೊಡ್ಡವರದು. ನೀವು ದೂರದಿಂದ ಲೆಕ್ಕ ಬರೆಯಿರಿ.)

ಬ್ಯಾಂಕಿನಲ್ಲಿ ಎಷ್ಟೋ ವರ್ಷ ನಾನು ಮಾಡಿದ್ದೂ ಇದೇ ಕೆಲಸ. ಸಂಜೆ ಪುಸ್ತಕದ ಬಾಕಿಯನ್ನು ಪೆಟ್ಟಿಗೆಯ ನಗದಿನ ಜತೆ ತಾಳೆ ನೋಡದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹತ್ತು ರೂಪಾಯಿ ಕಡಿಮೆ ಬಂದರೆ ಮೊದಲು ಮತ್ತೆ ಎಣಿಸಬೇಕು, ಪಕ್ಕದವನನ್ನು ಕಳ್ಳ ಎನ್ನಬಾರದು. ನಿವೃತ್ತನಾದ ಮೇಲೆ ಅದನ್ನು ಮರೆತುಬಿಟ್ಟಿದ್ದೆ.

“ತಪ್ಪಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದೆ. ನಿನ್ನೆ ಬೈಯುವಾಗ ಇದ್ದ ಗಿರಾಕಿಗಳು ಈಗ ಇರಲಿಲ್ಲ ಎನ್ನುವುದು ನೆನಪಾಗಿ ಇನ್ನಷ್ಟು ನಾಚಿಕೆಯಾಯಿತು. ಬೈದದ್ದು ನಿನ್ನೆಯಲ್ಲ, ಅದೇ ದಿನ ಬೆಳಿಗ್ಗೆ, ಆದರೂ ಒಂದು ದಿನ ಕಳೆದಂತಿತ್ತು. ಅವರು “ಬಿಡಿ ಸಾರ್, ತಳ ಅಳೆಯದೆ ಹಾಕಿದ್ದು ನನ್ನದೂ ತಪ್ಪೇ” ಎಂದು ಟೀ ತರಿಸಿದರು.

ವಾಪಸು ಬರುವಾಗ ಮೊಮ್ಮಗಳು ಕೇಳಿದಳು: “ತಾತ, ನನಗೂ ಗದರಿಸಿದ್ರಲ್ಲ?”

ಅವಳಿಗೂ ತಪ್ಪಾಯಿತು ಎಂದೆ. ಈಗ ಆ ನೋಟ್‌ಬುಕ್ ಕಾರಿನಲ್ಲೇ ಇದೆ. ಹೊರಡುವ ಮೊದಲು ಅವಳು ಮುಳ್ಳನ್ನೂ ನೋಡುತ್ತಾಳೆ, ಪುಸ್ತಕವನ್ನೂ ನೋಡುತ್ತಾಳೆ. ಅವಳು “ಹೂಂ” ಎಂದ ಮೇಲೆಯೇ ನಾನು ಕಾರು ತೆಗೆಯುವುದು.