ಸೇತುವೆಯ ಆಚೆ ಎಂಟಕ್ಕೆ, ಈಚೆ ಹತ್ತಕ್ಕೆ

ಕಾಶ್ಮೀರ ಕಣಿವೆಯ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಹಿಮ ಬೀಳುವ ಕಾಲದಲ್ಲಿ. ಒಂದೇ ಆಡಳಿತದ ಕೆಳಗಿದ್ದರೂ ಜಮ್ಮುವಿನ ಬಯಲಿನ ಶಾಲೆಗಳು ಬೇಸಿಗೆ ವಲಯಕ್ಕೆ, ಕಣಿವೆ ಮತ್ತು ಎತ್ತರದ ಊರುಗಳವು ಚಳಿಗಾಲದ ವಲಯಕ್ಕೆ ಸೇರುತ್ತವೆ. ಹವೆ ನೋಡಿ ರಜೆ. ಗದಗ ಜಿಲ್ಲೆಯಲ್ಲಿ ಹಿಮದ ಮಾತಿಲ್ಲ, ಇಲ್ಲಿ ಕೆಲಸ ಕೆಡಿಸುವುದು ಬಿಸಿಲು. ಆ ಬಿಸಿಲನ್ನು ಸರ್ಕಾರ ಅಳೆಯುತ್ತಿರುವುದು ಮಾತ್ರ ಕಂದಾಯ ವಿಭಾಗದ ನಕ್ಷೆ ಹಿಡಿದು.

2025ರ ಏಪ್ರಿಲ್ ಮತ್ತು ಮೇ ತಿಂಗಳಿಗೆ ಕಲಬುರಗಿ ವಿಭಾಗದ ಎಲ್ಲ ಜಿಲ್ಲೆಗಳು, ಬೆಳಗಾವಿ ವಿಭಾಗದ ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಎಂದು ಆದೇಶವಾಯಿತು. ಒಳ್ಳೆಯ ಪದ್ಧತಿಯೇ. ಆದರೆ ಗದಗ ಆ ಪಟ್ಟಿಯಲ್ಲಿಲ್ಲ. ಮುಂಡರಗಿಯ ಪಕ್ಕದ ಕೊಪ್ಪಳ ಇದೆ. ಕೊರ್ಲಹಳ್ಳಿಯ ಸೇತುವೆ ಮೇಲೆ ತುಂಗಭದ್ರೆ ದಾಟಿದರೆ ಸಿಗುವ ಹೂವಿನಹಡಗಲಿಯೂ ಇದೆ. ಆಚೆ ದಂಡೆಯ ಗುಮಾಸ್ತ ಬಿಸಿಲು ನೆತ್ತಿಗೇರಿದ ಮೇಲೆ ಮನೆ ಸೇರುತ್ತಾನೆ. ಈಚೆ ದಂಡೆಯವನಿಗೆ ಅದೇ ಹತ್ತರ ಹಾಜರಿ, ಸಂಜೆಯವರೆಗೆ ಕುರ್ಚಿ. ನದಿಯ ನಡುವೆ ಉಷ್ಣಾಂಶ ಇಳಿಯುತ್ತದೆಂದು ಹವಾಮಾನ ಇಲಾಖೆಯಂತೂ ಹೇಳಿಲ್ಲ!

ಜಿಲ್ಲೆಯನ್ನು ಇಡಿಯಾಗಿ ಪಟ್ಟಿಗೆ ಸೇರಿಸಬೇಕೆಂದೇನೂ ಇಲ್ಲ. ಉತ್ತರ ಕನ್ನಡದಲ್ಲಿ ಮಳೆ ರಜೆಯನ್ನು ತಾಲ್ಲೂಕುವಾರು ಕೊಡುವುದುಂಟು: ಕಾರವಾರ, ಹೊನ್ನಾವರದ ಮಕ್ಕಳು ಮನೆಯಲ್ಲಿದ್ದ ದಿನ ಹಳಿಯಾಳ, ಮುಂಡಗೋಡದಲ್ಲಿ ಪಾಠ ನಡೆದಿರುತ್ತದೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಕ್ಕೂ ಹಾಗೆಯೇ ಬಿಸಿಲಿನ ವೇಳೆ ನಿಗದಿ ಮಾಡಬಹುದು.

ನೌಕರರ ಮಾತಾಯಿತು, ಕೂಲಿಯವರ ಗತಿ ಬೇರೆ. 2023ರ ಜನವರಿಯಿಂದ ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ ಮೊಬೈಲ್ ಹಾಜರಿ ಕಡ್ಡಾಯವಾಯಿತು, ದಿನಕ್ಕೆ ಎರಡು ಸಲ ಫೋಟೊ. ತಂಪುಹೊತ್ತಿನಲ್ಲೇ ಬದು ಹಾಕಿ, ಹೂಳೆತ್ತಿ ಮುಗಿಸಿದವರೂ ಎರಡನೇ ಫೋಟೊಕ್ಕಾಗಿ ನೆರಳು ಹುಡುಕಿ ಕಾಯಬೇಕಾದ ವ್ಯವಸ್ಥೆ ಅದು. ಮಾಡಿದ ಕೆಲಸ ಅಳೆದು ಕೂಲಿ ಕೊಡುವ ಕಡೆ ಈ ಕಾಯುವಿಕೆ ಯಾರ ಲಾಭಕ್ಕೆ? ಗದಗ-ಬೆಟಗೇರಿಯ ಕೈಮಗ್ಗದ ನೇಕಾರರಿಗೋ ಆದೇಶವೂ ಇಲ್ಲ, ಫೋಟೊವೂ ಇಲ್ಲ. ಮಳೆ ಹಿಡಿದು ಕುಣಿಮಗ್ಗದ ಕುಣಿಗೆ ನೀರು ಜಿನುಗಿದರೆ ಅವರ ಕೆಲಸ ನಿಲ್ಲುತ್ತದೆ. ಅದನ್ನು ರಜೆ ಅನ್ನುವವರಿಲ್ಲ, ಆ ದಿನದ ದುಡಿಮೆ ಹೋಯಿತು ಅಷ್ಟೇ.

ಮಕ್ಕಳು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆಯಲ್ಲಿರುವುದರಿಂದ ಬಿಸಿಲಿನಿಂದ ಹೆಚ್ಚುಕಡಿಮೆ ಪಾರು. ಆದರೆ ಶಾಲೆಗೆ ಬೀಗ ಬಿದ್ದರೆ ಬಿಸಿಯೂಟದ ಒಲೆಯೂ ಆರುತ್ತದೆ. 2023ರಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದ ಸರ್ಕಾರ, 2024ರ ಬೇಸಿಗೆ ರಜೆಯಲ್ಲೂ ಅಂಥ ತಾಲ್ಲೂಕುಗಳ ಶಾಲೆಗಳಲ್ಲಿ ಊಟ ಬಡಿಸುವ ವ್ಯವಸ್ಥೆ ಮಾಡಿತ್ತು. ಬರ ಬಂದ ವರ್ಷ ಆದದ್ದು ಉಳಿದ ವರ್ಷ ಯಾಕಾಗದು? ಕೂಲಿಗೆ ಹೋಗುವ ತಾಯಂದಿರಿಗೆ ಮಧ್ಯಾಹ್ನದ ಹೊತ್ತು ಮಗುವನ್ನು ಎಲ್ಲಿ ಬಿಡಬೇಕೆಂಬ ಚಿಂತೆ ಬರದ ವರ್ಷಕ್ಕಷ್ಟೇ ಸೀಮಿತವಲ್ಲ.

ಬೆಳಗಿನ ಕಚೇರಿಗೆ ಒಂದು ಆಕ್ಷೇಪವಂತೂ ಗಟ್ಟಿಯಾಗಿದೆ. ಕಪ್ಪತಗುಡ್ಡದ ಸೆರಗಿನ ಹಳ್ಳಿಗಳಿಂದ ತಾಲ್ಲೂಕು ಕಚೇರಿಗೆ ಪಹಣಿಗೋ ಜಾತಿ ಪ್ರಮಾಣಪತ್ರಕ್ಕೋ ಬರುವವರು ಬಸ್ಸಿನ ವೇಳೆಗೆ ಕಟ್ಟುಬಿದ್ದವರು. ತಡವಾದ ಬಸ್ಸಿಗೆ ಬಂದಿಳಿಯುವಷ್ಟರಲ್ಲಿ ಕಚೇರಿಗೆ ಬೀಗ ಬಿದ್ದಿರಬಾರದು. ಹಾಗಾಗಿ ಜಿಲ್ಲಾಡಳಿತ ಈ ಬೇಡಿಕೆಯನ್ನು ಬೆಂಗಳೂರಿಗೆ ಕಳಿಸುವ ಮೊದಲು ಸಾರಿಗೆ ಸಂಸ್ಥೆಯ ಜೊತೆ ಕೂತು, ಏಪ್ರಿಲ್-ಮೇಗೆ ಹಳ್ಳಿ ಬಸ್ಸುಗಳ ಮೊದಲ ಸರದಿಯನ್ನು ಏಳು ಗಂಟೆಯೊಳಗೆ ಹೊರಡುವಂತೆ ಹೊಂದಿಸಿಕೊಳ್ಳಲಿ.