ಕೆಲಸ ಖಾಲಿ ಇದೆಯೆಂದು ಯಾರಿಗೆ ಗೊತ್ತು?

ಗಿಣಿಗೇರಿಯ ಸುತ್ತ ಉಕ್ಕಿನ ಕಾರಖಾನೆಗಳು, ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳು. ಆದರೂ ಕುಷ್ಟಗಿ, ಯಲಬುರ್ಗಾದ ಒಣಭೂಮಿಯ ಮಕ್ಕಳು ಬುತ್ತಿ ಕಟ್ಟಿಕೊಂಡು ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುವುದು ನಿಂತಿಲ್ಲ. ಏಕೆ?

2013ರಲ್ಲಿ ಜಾರಿಗೆ ಬಂದ 371(ಜೆ) ವಿಧಿ ಶಿಕ್ಷಣಕ್ಕೂ ಸರಕಾರಿ ನೌಕರಿಗೂ ಉಂಟು. ಖಾಸಗಿ ಕಾರಖಾನೆಯ ಗೇಟು ದಾಟುವುದಿಲ್ಲ. 1959ರ ಕಾನೂನು, ಖಾಲಿ ಜಾಗಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಿರೆಂದಿತು. ಅಲ್ಲಿಂದ ಬಂದವರನ್ನೇ ತೆಗೆದುಕೊಳ್ಳಿರೆನ್ನಲಿಲ್ಲ. ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಎಂದ ಮಸೂದೆಗೆ 2024ರ ಜುಲೈಯಲ್ಲಿ ಸಚಿವ ಸಂಪುಟ ಒಪ್ಪಿತು. ಉದ್ಯಮಿಗಳು ಕೂಗೆಬ್ಬಿಸಿದೊಡನೆ ತಡೆಹಿಡಿಯಿತು.

ಬಿಹಾರ, ಒಡಿಶಾದಿಂದ ಬಂದ ಕೂಲಿಕಾರನ ಮೇಲೆ ನಮಗೆ ಹಗೆಯಿಲ್ಲ. ಮಂಗಳೂರಿಗೆ ಹೋದ ನಮ್ಮ ತಮ್ಮನಂತೆ ಅವನೂ ಹೊಟ್ಟೆಗಾಗಿ ಊರು ಬಿಟ್ಟವನು. ಇಬ್ಬರನ್ನೂ ಅಗ್ಗಕ್ಕೆ ಕೊಳ್ಳುವ ಗುತ್ತಿಗೆ ಪದ್ಧತಿಯೇ ನಮ್ಮ ವೈರಿ.

ಆದುದರಿಂದ ನಾವು ಕೇಳುವುದಿಷ್ಟು: ಪ್ರತಿಯೊಂದು ಖಾಲಿ ಜಾಗವನ್ನೂ ಕೂಲಿಯ ದರಸಹಿತ ಕನ್ನಡದಲ್ಲಿ ಗೇಟಿನ ಮೇಲೂ ಪಂಚಾಯತಿಯಲ್ಲೂ ಅಂಟಿಸಲಿ. ಕೆಲಸ ಬಾರದವರಿಗೆ ಕೂಲಿ ಕೊಟ್ಟು ಕಲಿಸಲಿ. ಹೆಂಗಸರನ್ನೂ ದಲಿತರನ್ನೂ ಬಾಗಿಲಲ್ಲೇ ತಡೆಯದಿರಲಿ. ಖಾಸಗಿ ಉದ್ಯಮಗಳಲ್ಲಿ ಅಂಗವಿಕಲರು ಕನಿಷ್ಠ ಶೇಕಡಾ 5 ಇರುವಂತೆ ಉತ್ತೇಜನ ಕೊಡಬೇಕೆಂದು 2016ರ ಕಾನೂನು ಹೇಳುತ್ತದೆ. ಸರಕಾರ ಅದನ್ನು ನಡೆಸಿ ತೋರಿಸಲಿ.

ವರ್ತಕ ಬಾಂಧವರೂ ಯೋಚಿಸಲಿ: ಗುಳೆ ಹೋದವನು ನಿಮ್ಮ ಅಂಗಡಿಯ ಗಿರಾಕಿಯಲ್ಲ. ಊರಲ್ಲಿ ದುಡಿದವನ ಕೂಲಿ ಶನಿವಾರ ಸಂಜೆಗೆ ನಿಮ್ಮ ಗಲ್ಲೆಗೇ ಬರುತ್ತದೆ. ಈ ಬೇಡಿಕೆ ಇಬ್ಬರದೂ ಹೌದು. ಇಬ್ಬರೂ ಕೂಡಿ ಕೇಳೋಣ.