ಮೂತ್ರಪಿಂಡದ ಕಲ್ಲಿಗೆ ಬೆರಳಗಲದ ಗಾಯ

ಮೂತ್ರಪಿಂಡದ ಕಲ್ಲು ತೆಗೆಯಲು ಪಕ್ಕೆಯನ್ನು ಗೇಣುದ್ದ ಸೀಳುತ್ತಿದ್ದ ಕಾಲ ಹಿಂದೆ ಸರಿದಿದ್ದರೂ, ಆ ಸೀಳುಗಾಯದ ಭಯ ಶಿವಮೊಗ್ಗ ಜಿಲ್ಲೆಯ ಆಯನೂರು, ಕುಂಸಿಯಂತಹ ಊರುಗಳಲ್ಲಿ ಪೂರ್ತಿ ಅಳಿದಿಲ್ಲ. ಆ ಭಯದಿಂದ ಬಾಳೆದಿಂಡಿನ ರಸವನ್ನೇ ನಂಬಿ ತಿಂಗಳುಗಟ್ಟಲೆ ನೋವು ನುಂಗುವವರ ಮೂತ್ರಪಿಂಡ ಸದ್ದಿಲ್ಲದೆ ಹಾಳಾಗಬಹುದು. 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಯೋಹಾನ್ಸನ್ ವರದಿ ಮಾಡಿದ ಪಿಸಿಎನ್ಎಲ್ ವಿಧಾನದಲ್ಲಿ, ಬೆನ್ನಿನಲ್ಲಿ ಸುಮಾರು ಒಂದು ಸೆಂಟಿಮೀಟರ್ ರಂಧ್ರ ಮಾಡಿ, ಅದರೊಳಗೆ ನೆಫ್ರೋಸ್ಕೋಪ್ ಎಂಬ ದರ್ಶಕನಳಿಕೆಯನ್ನು ತೂರಿಸಿ, ಎರಡು ಸೆಂಟಿಮೀಟರಿಗಿಂತ ದೊಡ್ಡ ಕಲ್ಲುಗಳನ್ನೂ ಒಡೆದು ಹೊರತೆಗೆಯಲಾಗುತ್ತದೆ. ಅದಕ್ಕಿಂತ ಚಿಕ್ಕ ಕಲ್ಲುಗಳಿಗೆ ಮೂತ್ರದ ಹಾದಿಯಿಂದಲೇ ಬಾಗುವ ದರ್ಶಕವನ್ನೇರಿಸಿ ಲೇಸರ್‌ನಿಂದ ಪುಡಿಗಟ್ಟುವ ಆರ್‌ಐಆರ್‌ಎಸ್ ಇದ್ದು, ಇದರಲ್ಲಿ ಚರ್ಮಕ್ಕೆ ಗಾಯವೇ ಆಗುವುದಿಲ್ಲ.

ಇನ್ನು ಜಾಹೀರಾತುಗಳಲ್ಲಿ ಮೆರೆಯುವ ಶಸ್ತ್ರಚಿಕಿತ್ಸೆಯ ರೋಬಾಟ್ ತಾನಾಗಿ ಕೊಯ್ಯುವ ಯಂತ್ರವಲ್ಲ. ವೈದ್ಯರ ಕೈಚಲನೆಯನ್ನು ಸೂಕ್ಷ್ಮ ಉಪಕರಣಗಳಿಗೆ ದಾಟಿಸುವ ಸಾಧನ. ಕಲ್ಲಿನ ಜೊತೆಗೆ ಮೂತ್ರನಾಳದ ಆರಂಭದ ಇಕ್ಕಟ್ಟನ್ನೂ ಸರಿಪಡಿಸಿ ಹೊಲಿಯಬೇಕಾದಾಗ ಅದು ನೆರವಾಗುತ್ತದೆಯಾದರೂ, ಬಹುಪಾಲು ರೋಗಿಗಳಿಗೆ ಅದು ಬೇಕಾಗುವುದೇ ಇಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂತಹ ಸರ್ಕಾರಿ ಬೋಧನಾ ಆಸ್ಪತ್ರೆಗಳಲ್ಲಿ ಲೇಸರ್, ಬಾಗುವ ದರ್ಶಕ ಮತ್ತು ನುರಿತ ಮೂತ್ರರೋಗ ತಜ್ಞರು ಬಡವರಿಗೆ ಸದಾ ಲಭ್ಯರಿರುವುದೇ ಮೊದಲ ಅಗತ್ಯ.

ಚಿಕಿತ್ಸೆಯ ನಂತರ ಮೂತ್ರನಾಳದಲ್ಲಿ ಹಲವೊಮ್ಮೆ ಉಳಿಸುವ, ಎರಡೂ ತುದಿ ಸುರುಳಿಯಾದ ಡಿಜೆ ಸ್ಟೆಂಟ್ ಎಂಬ ತೆಳುನಳಿಕೆಯನ್ನು ನೋವು ಹೋಯಿತೆಂದು ಮರೆತರೆ ಅದರ ಮೇಲೆಯೇ ಹೊಸ ಕಲ್ಲು ಕಟ್ಟಬಹುದಾದ್ದರಿಂದ, ಅದನ್ನು ತೆಗೆಸಬೇಕಾದ ದಿನಾಂಕವನ್ನು ಬಿಡುಗಡೆ ಚೀಟಿಯಲ್ಲಿ ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಬರೆದುಕೊಡಬೇಕು.